ಒಂಬತ್ತು ಎಕರೆ ಹತ್ತೊಂಬತ್ತಾಗುವ ಲೆಕ್ಕ

ವಾಸ ತುಮಕೂರಿನ ಸದಾಶಿವನಗರದಲ್ಲಿ. ಪಿತ್ರಾರ್ಜಿತ ಜಮೀನು ಗುಬ್ಬಿ ತಾಲ್ಲೂಕಿನಲ್ಲಿ ಒಂದಿಷ್ಟು, ತಾಯಿಯ ಕಡೆಯಿಂದ ಬಂದದ್ದು ಕುಣಿಗಲ್ ಕಡೆ ಇನ್ನೊಂದಿಷ್ಟು. ನಮ್ಮ ಬಡಾವಣೆಯಲ್ಲಿ ಇಂಥ ಮನೆಗಳಿಗೆ ಬರವಿಲ್ಲ. ಗುಬ್ಬಿಯ ಪಹಣಿಯಲ್ಲಿ ಅಣ್ಣತಮ್ಮಂದಿರ ಜೊತೆ ಹೆಸರು ಇರುತ್ತದೆ, ಕುಣಿಗಲ್ಲಿನ ಪಹಣಿಯಲ್ಲಿ ಸೋದರಮಾವನ ಮಕ್ಕಳ ಜೊತೆ. ಇವರ ಪಾಲಿಗೆ ಇರುವ ಜಮೀನು ಎಷ್ಟು ಎಂದು ಮನೆಯ ಹಿರಿಯರನ್ನು ಕೇಳಿದರೆ ಗುಂಟೆ ಸಮೇತ ಹೇಳುತ್ತಾರೆ. ಕಂಪ್ಯೂಟರಿನ ವರದಿಯನ್ನು ಕೇಳಿದರೆ ಅದು ನಾಲ್ಕು ಬಗೆಯ ಉತ್ತರ ಕೊಡಬಲ್ಲದು. ನಾಲ್ಕರಲ್ಲಿ ಯಾವುದರ ಪಕ್ಕದಲ್ಲೂ ಎಚ್ಚರಿಕೆಯ ಗುರುತು ಇರುವುದಿಲ್ಲ.

ಪವರ್ ಬಿಐ, ಟ್ಯಾಬ್ಲೋ, ಎಕ್ಸೆಲ್‌ನ ಪವರ್ ಪಿವಟ್‌ನಂಥ ವರದಿ ಸಾಧನಗಳು ಬೆಂಗಳೂರಿನ ದೊಡ್ಡ ಕಂಪನಿಗಳಿಗಷ್ಟೇ ಸೇರಿದ್ದ ಕಾಲ ಹೋಯಿತು. ಬ್ಯಾಂಕು, ಸಹಕಾರ ಸಂಘ, ಗೊಬ್ಬರದ ಏಜೆನ್ಸಿ, ಸರ್ಕಾರಿ ಇಲಾಖೆ, ಎಲ್ಲ ಕಡೆ ಪರದೆಯ ಮೇಲಿನ ಡ್ಯಾಶ್‌ಬೋರ್ಡ್ ನೋಡಿ ತೀರ್ಮಾನ ಕೈಗೊಳ್ಳುತ್ತಾರೆ. ಮೂಲೆಯಲ್ಲೊಂದು ಫಿಲ್ಟರ್ ಇರುತ್ತದೆ. ಅದರಲ್ಲಿ ತಾಲ್ಲೂಕನ್ನೋ ಹೆಸರನ್ನೋ ಆರಿಸಿದರೆ ಕೆಳಗಿನ ಅಂಕಿ ಬದಲಾಗುತ್ತದೆ. ಯಾವ ದಾರಿ ಹಿಡಿದು ಬದಲಾಯಿತು ಎಂದು ಯಾರೂ ಕೇಳುವುದಿಲ್ಲ. ಆ ದಾರಿಯನ್ನು ಕೇಳಲೇಬೇಕಾದ ಒಂದು ಸಂದರ್ಭವಿದೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದಕ್ಕೆ ಪಹಣಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಒಂದು ಪಹಣಿಯನ್ನು ಕೈಗೆ ತೆಗೆದುಕೊಳ್ಳಿ. ಮೇಲ್ಭಾಗದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್. 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಕಳೆದು ಉಳಿದದ್ದೆಷ್ಟು. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿಸ್ತೀರ್ಣ, ಖಾತೆ ನಂಬರ್. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಮೊದಲಾದ ಋಣಗಳು. 12ರಲ್ಲಿ ಸಾಗುವಳಿ ಮತ್ತು ಬೆಳೆ. ಈ ಹಾಳೆಯ ಕೇಂದ್ರದಲ್ಲಿ ಇರುವುದು ಜಮೀನು, ಮನುಷ್ಯನಲ್ಲ. ಒಂದೇ ಹಾಳೆಯಲ್ಲಿ ಐದು ಹೆಸರು ಇರಬಹುದು. ಆ ಐವರಲ್ಲಿ ಒಬ್ಬರ ಹೆಸರು ಇನ್ನೂ ನಾಲ್ಕು ಹಾಳೆಗಳಲ್ಲಿ ಇರಬಹುದು. ಎರಡೂ ಕಡೆಯಿಂದ ಹಲವು. ಕಂಪ್ಯೂಟರಿನವರು ಇದನ್ನು ಮೆನಿ ಟು ಮೆನಿ ಸಂಬಂಧ ಎನ್ನುತ್ತಾರೆ.

ಕರ್ನಾಟಕದ ‘ಭೂಮಿ’ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಕಾಲು ಶತಮಾನವಾಗುತ್ತ ಬಂತು. ಕಂದಾಯ ಇಲಾಖೆಗಾಗಿ ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಮುಂದೆ ನಿಂತು ಮಾಡಿಸಿದವರಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರು ಮೊದಲು ಬರುತ್ತದೆ. ಆಗ ಕಂಪ್ಯೂಟರಿಗೆ ಏರಿದ್ದು ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿ. ಇವೆರಡನ್ನು ಭಾಗಿಸಿ ‘ತಲಾ ಮೂರು ಪಹಣಿ’ ಎಂದು ಬರೆಯುವುದು ಸುಲಭ. ಆದರೆ ಆ ಮೂರು ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಒಂದೇ ಪಹಣಿಯನ್ನು ಹಲವರು ಹಂಚಿಕೊಂಡಿದ್ದಾರೆ. ಹಂಚಿಕೊಳ್ಳುವವರ ಸಂಖ್ಯೆಯೂ ಏರುತ್ತಲೇ ಇದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ ಅನ್ವಯವಾಯಿತು. ಅದು ಆಗಲೇಬೇಕಿದ್ದ ನ್ಯಾಯ. ಅದರಿಂದಾಗಿ ಪಹಣಿಯ 9ನೇ ಕಾಲಂನಲ್ಲಿ ಹೆಸರುಗಳು ಹೆಚ್ಚಿದವು, ಲೆಕ್ಕ ಮಾಡುವವರ ಜವಾಬ್ದಾರಿಯೂ ಹೆಚ್ಚಿತು.

ಈಗ ಒಂದು ಚಿಕ್ಕ ಲೆಕ್ಕ ಕಟ್ಟೋಣ. ಗುಬ್ಬಿ ತಾಲ್ಲೂಕಿನ ಒಂದು ಊರು ಎಂದುಕೊಳ್ಳಿ. ಹೆಸರು, ನಂಬರುಗಳೆಲ್ಲ ವಿವರಣೆಗಾಗಿ ಇಟ್ಟುಕೊಂಡವು. ಅಲ್ಲಿ ಮೂರು ಸರ್ವೆ ನಂಬರ್. 42/1ರಲ್ಲಿ 4 ಎಕರೆ. ರಂಗಮ್ಮ, ಸಿದ್ದಪ್ಪ ಇಬ್ಬರಿಗೂ ಎರಡೆರಡು ಎಕರೆ. 57ರಲ್ಲಿ 3 ಎಕರೆ. ಸಿದ್ದಪ್ಪ, ನಂಜುಂಡಪ್ಪ, ಲಕ್ಕಮ್ಮ ಮೂವರಿಗೂ ಒಂದೊಂದು ಎಕರೆ. 63/2ರಲ್ಲಿ 2 ಎಕರೆ, ನಂಜುಂಡಪ್ಪ ಒಬ್ಬರೇ. ಒಟ್ಟು ನೆಲ 9 ಎಕರೆ.

ಇದನ್ನು ಕಂಪ್ಯೂಟರಿನಲ್ಲಿ ಇಡುವುದು ಮೂರು ಪಟ್ಟಿಗಳಲ್ಲಿ. ಮಾಲೀಕರ ಪಟ್ಟಿಯಲ್ಲಿ ನಾಲ್ಕು ಸಾಲು. ಜಮೀನಿನ ಪಟ್ಟಿಯಲ್ಲಿ ಮೂರು ಸಾಲು. ಯಾರ ಹೆಸರು ಯಾವ ಸರ್ವೆ ನಂಬರಿನಲ್ಲಿದೆ ಎಂದು ಹೇಳುವ ಮೂರನೆಯ ಪಟ್ಟಿಯಲ್ಲಿ ಆರು ಸಾಲು. ಈ ಮೂರನೆಯದನ್ನು ಬ್ರಿಡ್ಜ್ ಟೇಬಲ್ ಎನ್ನುತ್ತಾರೆ, ಕನ್ನಡದಲ್ಲಿ ಸೇತುವೆ ಪಟ್ಟಿ ಎನ್ನಬಹುದು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನೆಲ್ಲ ಪಟ್ಟಿಗಳಾಗಿ ಇಡುವ ಸಿದ್ಧಾಂತವನ್ನು ಪ್ರಕಟಿಸಿದ. ಅಂದಿನಿಂದ ಇಂದಿನವರೆಗೆ ಎರಡು ಕಡೆಯೂ ಹಲವು ಇರುವ ಸಂಬಂಧವನ್ನು ಬಿಡಿಸಿಡುವುದಕ್ಕೆ ಇದೇ ರೀತಿ: ನಡುವೆ ಒಂದು ಪಟ್ಟಿ.

ಈಗ ಪವರ್ ಬಿಐ ತೆರೆದು ಮೂರೂ ಪಟ್ಟಿಗಳನ್ನು ಗೆರೆಯಿಂದ ಜೋಡಿಸಿ. ಗೆರೆಯ ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ ನಕ್ಷತ್ರ, ನಡುವೆ ಒಂದು ಬಾಣ. ಮಾಲೀಕರ ಪಟ್ಟಿಯಿಂದ ಸೇತುವೆಯ ಕಡೆಗೆ ಒಂದು ಬಾಣ, ಜಮೀನಿನ ಪಟ್ಟಿಯಿಂದ ಸೇತುವೆಯ ಕಡೆಗೆ ಇನ್ನೊಂದು. ಹೇಮಾವತಿ ನಾಲೆಯ ನೀರು ಇಳಿಜಾರು ಹಿಡಿದು ಹರಿಯುವಂತೆ ಫಿಲ್ಟರ್ 1ರ ಕಡೆಯಿಂದ ನಕ್ಷತ್ರದ ಕಡೆಗೆ ಮಾತ್ರ ಹರಿಯುತ್ತದೆ, ತಾನಾಗಿ ಏರಿಗೆ ಹತ್ತುವುದಿಲ್ಲ. ಹಾಗಾಗಿ ರಂಗಮ್ಮನನ್ನು ಆರಿಸಿದರೆ ಫಿಲ್ಟರ್ ಸೇತುವೆ ಪಟ್ಟಿಯವರೆಗೆ ಬಂದು ನಿಲ್ಲುತ್ತದೆ. ಜಮೀನಿನ ಪಟ್ಟಿಗೆ ತಲುಪುವುದೇ ಇಲ್ಲ. ಜಮೀನಿನ ಪಟ್ಟಿಯಲ್ಲಿರುವ ವಿಸ್ತೀರ್ಣವನ್ನು ಕೂಡಿದರೆ ಪರದೆಯ ಮೇಲೆ ಬರುವುದು: ರಂಗಮ್ಮ 9, ಸಿದ್ದಪ್ಪ 9, ನಂಜುಂಡಪ್ಪ 9, ಲಕ್ಕಮ್ಮ 9. ಇದು ಮೊದಲ ಉತ್ತರ. ಎಲ್ಲರ ಮುಂದೆಯೂ ಒಂದೇ ಅಂಕಿ ಕಂಡರೆ ಫಿಲ್ಟರ್ ದಾರಿಯಲ್ಲೇ ನಿಂತಿದೆ ಎಂದು ತಿಳಿಯಬೇಕು. ನಾಲ್ಕರಲ್ಲಿ ಇದೇ ಹೆಚ್ಚು ಕ್ಷೇಮ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಎರಡನೆಯ ಉತ್ತರ ಹಾಗಲ್ಲ. ಮೂರು ಪಟ್ಟಿಗಳ ಗೊಡವೆಯೇ ಬೇಡವೆಂದು ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಗೆ ಎಳೆದುಕೊಳ್ಳುವುದು ನಮ್ಮ ಕಚೇರಿಗಳ ರೂಢಿ. ಆರು ಸಾಲು, ಪ್ರತಿ ಸಾಲಿನಲ್ಲೂ ಹೆಸರು, ಸರ್ವೆ ನಂಬರ್, ಪಕ್ಕದಲ್ಲಿ ಆ ಸರ್ವೆ ನಂಬರಿನ ಪೂರ್ತಿ ವಿಸ್ತೀರ್ಣ. ಕೊನೆಯಲ್ಲಿ ಮೊತ್ತ ಹಾಕಿದರೆ 4, 4, 3, 3, 3, 2 ಸೇರಿ 19 ಎಕರೆ. ನೆಲ 9 ಎಕರೆ, ವರದಿ 19 ಎಕರೆ. ಮೂರೇ ಸರ್ವೆ ನಂಬರ್ ಇದ್ದಾಗ ಇದು ಕಣ್ಣಿಗೆ ಬೀಳುತ್ತದೆ. ಒಂದು ಹೋಬಳಿಯ ಸಾವಿರಾರು ಸಾಲುಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊತ್ತ ದೊಡ್ಡದಾಗಿ ಕಂಡರೆ ‘ಪರವಾಗಿಲ್ಲ, ನಮ್ಮ ಹೋಬಳಿ ದೊಡ್ಡದು’ ಎನ್ನಿಸಿಬಿಡುತ್ತದೆ.

ಮೂರನೆಯ ಉತ್ತರ ಬರುವುದು ಬಾಣವನ್ನು ಎರಡೂ ಕಡೆಗೆ ತಿರುಗಿಸಿದಾಗ. ಪವರ್ ಬಿಐಯಲ್ಲಿ ಗೆರೆಯ ಮೇಲೆ ಒತ್ತಿ ಫಿಲ್ಟರಿನ ದಿಕ್ಕನ್ನು ‘ಬೋತ್’ ಎಂದು ಬದಲಾಯಿಸಿದರೆ ಸಾಕು, ಸೇತುವೆಗೆ ಬಂದ ಫಿಲ್ಟರ್ ಏರಿಗೆ ಹತ್ತಿ ಜಮೀನಿನ ಪಟ್ಟಿಗೂ ತಲುಪುತ್ತದೆ. ಆಗ ರಂಗಮ್ಮ 4, ಸಿದ್ದಪ್ಪ 7, ನಂಜುಂಡಪ್ಪ 5, ಲಕ್ಕಮ್ಮ 3. ಕೆಳಗಿನ ಒಟ್ಟು ಮಾತ್ರ 9. ಮೇಲಿನ ನಾಲ್ಕನ್ನು ಕೂಡಿದರೆ 19 ಬರುತ್ತದೆ, ಕೆಳಗೆ 9 ಇದೆ, ಹಾಗಾದರೆ ತಂತ್ರಾಂಶ ಕೆಟ್ಟಿದೆ ಎಂದು ಬಹಳ ಜನ ಇಲ್ಲಿ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ‘ಈ ಹೆಸರು ಇರುವ ಸರ್ವೆ ನಂಬರುಗಳ ವಿಸ್ತೀರ್ಣವೆಷ್ಟು’ ಎನ್ನುವುದು ಪ್ರತಿ ಸಾಲಿನ ಪ್ರಶ್ನೆ. ‘ಈ ನಾಲ್ವರಲ್ಲಿ ಯಾರದಾದರೂ ಹೆಸರು ಇರುವ ಸರ್ವೆ ನಂಬರುಗಳ ವಿಸ್ತೀರ್ಣವೆಷ್ಟು’ ಎನ್ನುವುದು ಕೊನೆಯ ಸಾಲಿನ ಪ್ರಶ್ನೆ. ಕೊನೆಯ ಸಾಲು ಮೇಲಿನವುಗಳ ಮೊತ್ತವಲ್ಲ, ಅದು ಹೊಸದಾಗಿ ಹಾಕಿದ ಲೆಕ್ಕ. ವರದಿ ಓದುವವರಿಗೆ ಇದೊಂದು ತಿಳಿದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ನಾಲ್ಕನೆಯ ಉತ್ತರ ನನ್ನ ಪ್ರಕಾರ ಹೆಚ್ಚು ಸಂದರ್ಭಗಳಲ್ಲಿ ಬೇಕಾದದ್ದು. ಸೇತುವೆ ಪಟ್ಟಿಯಲ್ಲಿ ಬರೀ ಹೆಸರು ಮತ್ತು ಸರ್ವೆ ನಂಬರ್ ಇಟ್ಟು ಸುಮ್ಮನಾಗದೆ, ಪಹಣಿಯ 9ನೇ ಕಾಲಂನಲ್ಲಿ ಒಬ್ಬೊಬ್ಬರ ಎದುರಿಗಿರುವ ವಿಸ್ತೀರ್ಣವನ್ನೂ ಅದೇ ಪಟ್ಟಿಯಲ್ಲಿ ಇಡಬೇಕು. ಆಗ ಕೂಡಬೇಕಾದದ್ದು ಆ ಪಾಲಿನ ಕಾಲಂ. ರಂಗಮ್ಮ 2, ಸಿದ್ದಪ್ಪ 3, ನಂಜುಂಡಪ್ಪ 3, ಲಕ್ಕಮ್ಮ 1. ಒಟ್ಟು 9. ಸಾಲುಗಳೂ ಕೂಡುತ್ತವೆ, ನೆಲವೂ ಹೆಚ್ಚಾಗುವುದಿಲ್ಲ. ಇಲ್ಲಿ ಫಿಲ್ಟರ್ ಏರಿಗೆ ಹತ್ತುವ ಅಗತ್ಯವೇ ಇಲ್ಲ. ಮಾಲೀಕನ ಕಡೆಯಿಂದ ಬಂದರೂ ಜಮೀನಿನ ಕಡೆಯಿಂದ ಬಂದರೂ ಅದು ಇಳಿಯುವುದು ಅಂಕಿ ಇರುವ ಜಾಗಕ್ಕೇ. ಡೇಟಾ ವೇರ್‌ಹೌಸ್ ಬಗ್ಗೆ 1990ರ ದಶಕದಿಂದ ಬರೆಯುತ್ತ ಬಂದ ಅಮೆರಿಕದ ರಾಲ್ಫ್ ಕಿಂಬಲ್ ಸೇತುವೆ ಪಟ್ಟಿಯಲ್ಲಿ ಇಂಥ ತೂಕದ ಕಾಲಂ ಇಡಬೇಕೆಂದು ಕಲಿಸಿದರು. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಬ್ಯಾಂಕಿನ ಜಂಟಿ ಖಾತೆಯ ಉದಾಹರಣೆ ಕೊಡುತ್ತವೆ. ನಮ್ಮಲ್ಲಿ ಆ ತೂಕವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಗ್ರಾಮ ಲೆಕ್ಕಿಗರು ಅದನ್ನು ಎಕರೆ-ಗುಂಟೆಗಳಲ್ಲಿ ಬರೆದಿಟ್ಟಿದ್ದಾರೆ.

ಹಾಗೆಂದು ಮೂರನೆಯ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಸಿದ್ದಪ್ಪನ ವಿರುದ್ಧ ಕೋರ್ಟಿನಲ್ಲಿ ತಡೆಯಾಜ್ಞೆ ಇದ್ದರೆ ಎಷ್ಟು ನೆಲದ ವ್ಯವಹಾರಕ್ಕೆ ತೊಡಕು ಎನ್ನುವ ಪ್ರಶ್ನೆಗೆ 7 ಎಕರೆಯೇ ಉತ್ತರ. ಆ ಎರಡು ಸರ್ವೆ ನಂಬರುಗಳಲ್ಲಿ ಯಾವ ಪಾಲುದಾರರು ಮಾರಲು ಹೋದರೂ ಅದು ಎದುರಾಗುತ್ತದೆ. ಆದ್ದರಿಂದ ಒಂದು ಸರಿ, ಇನ್ನೊಂದು ತಪ್ಪು ಎಂದಲ್ಲ. ಪ್ರಶ್ನೆ ಬೇರೆ, ಅಂಕಿ ಬೇರೆ. ಒಂದು ಪ್ರಶ್ನೆಯ ಅಂಕಿಯನ್ನು ಇನ್ನೊಂದು ಪ್ರಶ್ನೆಗೆ ಹಚ್ಚಿದಾಗ ಅನ್ಯಾಯ ಆಗುತ್ತದೆ.

ಅನ್ಯಾಯ ಎಂದು ಸುಮ್ಮನೆ ಹೇಳುತ್ತಿಲ್ಲ. ಮೇಲಿನ ಲೆಕ್ಕದಲ್ಲೇ ‘ಮಹಿಳೆಯರು’ ಎಂದು ಫಿಲ್ಟರ್ ಹಾಕಿ ನೋಡಿ. ಹೆಸರು ಇರುವ ಸರ್ವೆ ನಂಬರುಗಳನ್ನು ಕೂಡಿದರೆ 42/1 ಮತ್ತು 57 ಸೇರಿ 7 ಎಕರೆ. ಪಾಲನ್ನು ಕೂಡಿದರೆ 3 ಎಕರೆ. ‘ಒಂಬತ್ತರಲ್ಲಿ ಏಳು ಎಕರೆ ಮಹಿಳೆಯರ ಕೈಯಲ್ಲಿ’ ಎಂದು ಯಾರಾದರೂ ಭಾಷಣ ಮಾಡಬಹುದು, ಪತ್ರಿಕೆ ತಲೆಬರಹವನ್ನೂ ಹಾಕಬಹುದು. ಅದೇ ವರದಿಯಲ್ಲಿ ‘ಪುರುಷರು’ ಎಂದು ಆರಿಸಿದರೆ 9 ಎಕರೆ ಬರುತ್ತದೆ ಎಂದು ಅವರು ನೋಡಿರುವುದಿಲ್ಲ. ಮೂವರ ನಡುವೆ ಒಂದೇ ಎಕರೆ ಬಂದ ಲಕ್ಕಮ್ಮನಂಥವರು ಆ ತಲೆಬರಹದಲ್ಲಿ ಮೂರು ಎಕರೆಯ ಒಡತಿಯಾಗಿ ಕಾಣುತ್ತಾರೆ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಕಾಳಜಿ ಇರುವವರಿಗೆ ಇದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ.

ಬೆಳೆ ಪರಿಹಾರದ ಮಾತಿಗೆ ಬನ್ನಿ. ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಬೆಳೆ ಹಾನಿಗೆ ಕೊಡುವ ಇನ್‌ಪುಟ್ ಸಬ್ಸಿಡಿ ಒಬ್ಬ ರೈತನಿಗೆ 2 ಹೆಕ್ಟೇರಿಗೆ ಸೀಮಿತ, ಅಂದರೆ ಸುಮಾರು 4 ಎಕರೆ 38 ಗುಂಟೆ. 2022ರಿಂದ 2026ರ ಅವಧಿಗೆ ಗೊತ್ತುಮಾಡಿದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ತೆಂಗು-ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಮಿತಿ ಇರುವುದು ರೈತನಿಗೆ, ಹಾನಿ ಆಗುವುದು ಸರ್ವೆ ನಂಬರಿನಲ್ಲಿ. ಆ ಕಡೆಯಿಂದ ಈ ಕಡೆಗೆ ದಾಟಬೇಕಾದರೆ ಸೇತುವೆ ಪಟ್ಟಿಯನ್ನು ತುಳಿಯಲೇಬೇಕು. ಪಾಲಿನ ಪ್ರಕಾರ ನಮ್ಮ ಉದಾಹರಣೆಯ ನಾಲ್ವರೂ ಮಿತಿಯೊಳಗೇ ಇದ್ದಾರೆ, ಪರಿಹಾರ ಸಿಗಬೇಕಾದದ್ದು 9 ಎಕರೆಗೆ. ಪೂರ್ತಿ ಸರ್ವೆ ನಂಬರನ್ನು ಒಬ್ಬೊಬ್ಬರ ತಲೆಗೂ ಕಟ್ಟಿದರೆ ಸಿದ್ದಪ್ಪ, ನಂಜುಂಡಪ್ಪ ಇಬ್ಬರೂ ಮಿತಿ ದಾಟುತ್ತಾರೆ. ಮಿತಿಗೆ ಕತ್ತರಿಸಿದ ಮೇಲೂ ಒಟ್ಟು ಹತ್ತಿರ ಹತ್ತಿರ 17 ಎಕರೆಯ ಲೆಕ್ಕ ಬರುತ್ತದೆ. ಹಾಗೆ ಆಗದಿರಲೆಂದು ಮೊದಲ ಹೆಸರಿಗಷ್ಟೇ ಪೂರ್ತಿ ಕೊಟ್ಟರೆ ಉಳಿದ ಪಾಲುದಾರರು ಬರಿಗೈಯಲ್ಲಿ ನಿಲ್ಲುತ್ತಾರೆ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿ ಮಾಡಿಸುವಾಗ ಆಧಾರ್, ಪಾಸ್‌ಬುಕ್ ಜೊತೆಗೆ ಜಮೀನಿನ ವಿವರವನ್ನೂ ಕೇಳುವುದು ಇದಕ್ಕಾಗಿಯೇ. ಒಬ್ಬ ರೈತನ ಎಲ್ಲ ಸರ್ವೆ ನಂಬರುಗಳನ್ನೂ ಒಂದೇ ಗುರುತಿಗೆ ಕಟ್ಟದಿದ್ದರೆ ಈ ಲೆಕ್ಕ ಶುರುವಾಗುವುದೇ ಇಲ್ಲ. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸಲು ಹೊರಟದ್ದರ ಹಿಂದೆಯೂ ಇದೇ ತರ್ಕವಿದೆ. ಒಂದು ಪಹಣಿಯಲ್ಲಿ ‘ನಂಜುಂಡಪ್ಪ’, ಇನ್ನೊಂದರಲ್ಲಿ ‘ಎನ್. ನಂಜುಂಡಯ್ಯ’ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಮನುಷ್ಯರು.

ಒಂದು ತೊಡಕನ್ನು ಮುಚ್ಚಿಡಬಾರದು. ಜಂಟಿ ಖಾತೆಯ ಪಹಣಿಗಳಲ್ಲಿ ಒಬ್ಬೊಬ್ಬರ ಎದುರು ಬೇರೆ ಬೇರೆ ವಿಸ್ತೀರ್ಣ ಇರುವುದಿಲ್ಲ; ಎಲ್ಲ ಹೆಸರುಗಳಿಗೂ ಸೇರಿ ಒಂದೇ ವಿಸ್ತೀರ್ಣ ಇರುತ್ತದೆ. ಆಗ ವರದಿ ತಯಾರಿಸುವವರು ಸಮಪಾಲು ಮಾಡಿ ಹಾಕಿಬಿಡುತ್ತಾರೆ. ಮೂವರಿದ್ದರೆ ಮೂರನೇ ಒಂದು. ಇದು ಲೆಕ್ಕದ ಅನುಕೂಲವೇ ಹೊರತು ದಾಖಲೆಯಲ್ಲ. ಅಜ್ಜಿ, ಮಗ, ಮೊಮ್ಮಗಳು ಒಂದೇ ಜಂಟಿ ಖಾತೆಯಲ್ಲಿದ್ದಾಗ ಕಾನೂನಿನ ಪಾಲು ಸಮಪಾಲೇ ಆಗಬೇಕೆಂದೇನಿಲ್ಲ. ಸಮಪಾಲು ಹಾಕಿದ್ದರೆ ‘ಜಂಟಿ ಖಾತೆಗಳಲ್ಲಿ ಸಮಪಾಲು ಎಂದು ಊಹಿಸಿದೆ’ ಎಂದು ಅಡಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಜಂಟಿಯನ್ನು ಜಂಟಿಯಾಗಿಯೇ ಬಿಟ್ಟು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು. ಕೃಷಿ ಗಣತಿಯಲ್ಲಿ ಜಂಟಿ ಹಿಡುವಳಿಗೆ ಪ್ರತ್ಯೇಕ ವರ್ಗವೇ ಇದೆ. ಅದು ಪ್ರಾಮಾಣಿಕ ದಾರಿ.

ಫಿಲ್ಟರಿನಲ್ಲಿ ಎರಡು ಹೆಸರುಗಳನ್ನು ಒಟ್ಟಿಗೆ ಆರಿಸಿದಾಗ ಇನ್ನೊಂದು ಗೋಜಲು. ಸಿದ್ದಪ್ಪ, ನಂಜುಂಡಪ್ಪ ಎರಡನ್ನೂ ಟಿಕ್ ಮಾಡಿದರೆ ಮೂರನೆಯ ಬಗೆಯ ವರದಿ 9 ಎಕರೆ ತೋರಿಸುತ್ತದೆ, ಯಾಕೆಂದರೆ ಅದು ಕೇಳಿಸಿಕೊಂಡದ್ದು ‘ಇವರು ಅಥವಾ ಅವರು’ ಎಂದು. ಟಿಕ್ ಮಾಡಿದವರ ಮನಸ್ಸಿನಲ್ಲಿದ್ದದ್ದು ಬಹುಶಃ ‘ಇಬ್ಬರ ಹೆಸರೂ ಒಟ್ಟಿಗೆ ಇರುವ ಜಮೀನು’. ಅದು ಸರ್ವೆ ನಂಬರ್ 57 ಮಾತ್ರ, 3 ಎಕರೆ. ಈ ಸಾಧನಗಳಲ್ಲಿ ಟಿಕ್ ಮಾಡುವ ಫಿಲ್ಟರ್ ಹುಟ್ಟಿನಿಂದಲೇ ‘ಅಥವಾ’ ಎಂದು ಓದುತ್ತದೆ. ‘ಮತ್ತು’ ಬೇಕಿದ್ದರೆ ಬೇರೆ ಸೂತ್ರ ಬರೆಯಬೇಕು: ಪ್ರತಿ ಸರ್ವೆ ನಂಬರಿನಲ್ಲಿ ಆರಿಸಿದ ಹೆಸರುಗಳಲ್ಲಿ ಎಷ್ಟು ಇವೆ ಎಂದು ಎಣಿಸಿ, ಆ ಎಣಿಕೆ ಆರಿಸಿದ ಸಂಖ್ಯೆಗೆ ಸಮವಾಗಿದ್ದರೆ ಮಾತ್ರ ಉಳಿಸಿಕೊಳ್ಳಬೇಕು.

ತಾಲ್ಲೂಕಿನ ಫಿಲ್ಟರ್ ಇನ್ನೂ ಸೂಕ್ಷ್ಮ. ಸದಾಶಿವನಗರದ ನಿವಾಸಿಯ ವಿಳಾಸ ತುಮಕೂರು ತಾಲ್ಲೂಕು, ಜಮೀನು ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕು. ವರದಿಯಲ್ಲಿ ‘ಗುಬ್ಬಿ’ ಎಂದು ಆರಿಸಿದಾಗ ಬರಬೇಕಾದದ್ದು ಗುಬ್ಬಿಯಲ್ಲಿ ವಾಸಿಸುವ ರೈತರೋ, ಗುಬ್ಬಿಯಲ್ಲಿರುವ ಜಮೀನೋ? ಮಾಲೀಕರ ಪಟ್ಟಿಯಲ್ಲೊಂದು ತಾಲ್ಲೂಕು ಕಾಲಂ, ಜಮೀನಿನ ಪಟ್ಟಿಯಲ್ಲೊಂದು ತಾಲ್ಲೂಕು ಕಾಲಂ. ಎರಡರ ಹೆಸರೂ ಬರೀ ‘ತಾಲ್ಲೂಕು’ ಎಂದಿದ್ದರೆ ವರದಿ ತಯಾರಿಸಿದವರು ಯಾವುದನ್ನು ಎಳೆದು ಹಾಕಿದ್ದಾರೆಂದು ನೋಡುವವರಿಗೆ ತಿಳಿಯುವುದೇ ಇಲ್ಲ. ‘ಮಾಲೀಕರ ವಾಸದ ತಾಲ್ಲೂಕು’, ‘ಜಮೀನಿನ ತಾಲ್ಲೂಕು’ ಎಂದು ಬಿಡಿಸಿ ಬರೆಯಲು ಅರ್ಧ ನಿಮಿಷವೂ ಬೇಡ.

ಬಾಣವನ್ನು ಎರಡೂ ಕಡೆಗೆ ತಿರುಗಿಸಿದರೆ ಸಾಕೆಂದು ಮೇಲೆ ಬರೆದೆ. ಮೂರೇ ಪಟ್ಟಿಗಳಿದ್ದಾಗ ಸಾಕು. ಅದೇ ವರದಿಗೆ 11ನೇ ಕಾಲಂನ ಸಾಲದ ಪಟ್ಟಿ, 12ನೇ ಕಾಲಂನ ಬೆಳೆಯ ಪಟ್ಟಿ, ಯೋಜನೆಗಳ ಫಲಾನುಭವಿ ಪಟ್ಟಿ ಸೇರಿಸಿ ಎಲ್ಲ ಬಾಣಗಳನ್ನೂ ಎರಡೂ ಕಡೆಗೆ ತಿರುಗಿಸಿದರೆ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗಲು ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಮಾಲೀಕನಿಂದ ಬೆಳೆಗೆ ಜಮೀನಿನ ಮೂಲಕ ಹೋಗಬೇಕೋ, ಸಾಲದ ಮೂಲಕವೋ? ಕೆಲವೊಮ್ಮೆ ತಂತ್ರಾಂಶ ಅಂಥ ಗೆರೆಯನ್ನು ಒಪ್ಪುವುದೇ ಇಲ್ಲ. ಕೆಲವೊಮ್ಮೆ ತನ್ನ ನಿಯಮದಂತೆ ಒಂದು ದಾರಿಯನ್ನು ಆರಿಸಿಕೊಳ್ಳುತ್ತದೆ. ಎರಡನೆಯದು ಅಪಾಯಕಾರಿ. ಆದ್ದರಿಂದ ಗೆರೆಯ ದಿಕ್ಕನ್ನು ಖಾಯಂ ಆಗಿ ಬದಲಾಯಿಸುವ ಬದಲು, ಬೇಕಾದ ಒಂದು ಲೆಕ್ಕಕ್ಕೆ ಮಾತ್ರ ಬಾಣ ತಿರುಗಿಸುವುದು ಒಳ್ಳೆಯದು. ಪವರ್ ಬಿಐಯ ಸೂತ್ರಭಾಷೆಯಾದ ಡಾಕ್ಸ್‌ನಲ್ಲಿ ಕ್ರಾಸ್‌ಫಿಲ್ಟರ್ ಎಂಬ ಫಂಕ್ಷನ್ ಇರುವುದೇ ಇದಕ್ಕೆ. ಗೌಪ್ಯತೆಯ ಮಾತೂ ಇದೆ. ಬ್ಯಾಂಕಿನ ಒಂದು ಶಾಖೆಯವರು ತಮ್ಮ ಸಾಲಗಾರರನ್ನು ಮಾತ್ರ ನೋಡಬೇಕೆಂದು ಕಟ್ಟಿದ ಬೇಲಿ ಜಂಟಿ ಜಮೀನಿನ ಸೇತುವೆಯವರೆಗೆ ಬಂದು ನಿಂತುಬಿಟ್ಟರೆ, ಆಚೆಗಿರುವ ಪಟ್ಟಿಗಳು ಪೂರ್ತಿ ತೆರೆದೇ ಇರುತ್ತವೆ. ಭದ್ರತೆಯ ಫಿಲ್ಟರ್ ಎಲ್ಲಿಯವರೆಗೆ ಹರಿಯುತ್ತದೆ ಎಂದು ಪ್ರತ್ಯೇಕವಾಗಿ ಪರೀಕ್ಷಿಸದೆ ಇಂಥ ವರದಿಯನ್ನು ಹಂಚಬಾರದು.

2018ರಲ್ಲಿ ಪವರ್ ಬಿಐ ಸೇತುವೆಯೇ ಇಲ್ಲದೆ ಎರಡು ಪಟ್ಟಿಗಳನ್ನು ನೇರವಾಗಿ ಮೆನಿ ಟು ಮೆನಿ ಎಂದು ಜೋಡಿಸಲು ಅವಕಾಶ ಕೊಟ್ಟಿತು. ಅನುಕೂಲವೇನೋ ಹೌದು. ಆದರೆ ಹಾಗೆ ಜೋಡಿಸಿದಾಗ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಸಾಲುಗಳು ಸದ್ದಿಲ್ಲದೆ ವಿಂಗಡಣೆಯಿಂದ ಬಿದ್ದುಹೋಗುತ್ತವೆ; ಮಾಮೂಲಿ ಸಂಬಂಧದಲ್ಲಿ ಅವುಗಳಿಗೆ ಕಾಣುವ ಖಾಲಿ ಹೆಸರಿನ ಸಾಲು ಇಲ್ಲಿ ಕಾಣುವುದಿಲ್ಲ. ನಮ್ಮ ಜಿಲ್ಲೆಗೆ ಇದು ನೇರವಾಗಿ ತಟ್ಟುವ ವಿಷಯ. 2014ರ ನವೆಂಬರ್ 1ರಂದು ತುಮಕೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಹಳೆಯ ಪಟ್ಟಿ ಹಳೆಯ ಕಾಗುಣಿತದಲ್ಲಿ, ಹೊಸ ಪಟ್ಟಿ ಹೊಸದರಲ್ಲಿ ಇದ್ದರೆ ಫಿಲ್ಟರ್ ಎರಡನ್ನೂ ಬೇರೆ ಊರೆಂದೇ ತಿಳಿಯುತ್ತದೆ. ಜಿಲ್ಲೆ, ತಾಲ್ಲೂಕು, ಗ್ರಾಮಗಳನ್ನು ಹೆಸರಿನಿಂದ ಜೋಡಿಸದೆ ಸರ್ಕಾರ ಕೊಟ್ಟಿರುವ ಕೋಡ್ ಸಂಖ್ಯೆಯಿಂದ ಜೋಡಿಸಿದರೆ ಈ ಗಂಡಾಂತರವಿಲ್ಲ.

ಇಷ್ಟೆಲ್ಲ ಹೇಳಿದ್ದು ಹೊಸ ಜ್ಞಾನವೇನಲ್ಲ. ನಮ್ಮ ಕೃಷಿ ಅಂಕಿಅಂಶದವರು ಕಂಪ್ಯೂಟರ್ ಬರುವುದಕ್ಕೂ ಬಹಳ ಮೊದಲೇ ಇದನ್ನು ಬಲ್ಲವರಾಗಿದ್ದರು. ಒಂದೇ ಹೊಲದಲ್ಲಿ ಮುಂಗಾರಿಗೆ ಒಂದು ಬೆಳೆ, ಹಿಂಗಾರಿಗೆ ಇನ್ನೊಂದು. ಹೊಲಕ್ಕೆ ಹಲವು ಬೆಳೆ, ಬೆಳೆಗೆ ಹಲವು ಹೊಲ. ಬೆಳೆವಾರು ವಿಸ್ತೀರ್ಣವನ್ನೆಲ್ಲ ಕೂಡಿದರೆ ಬಿತ್ತಿದ ನೆಲಕ್ಕಿಂತ ಹೆಚ್ಚಾಗುತ್ತದೆ. ಆ ಕಾರಣಕ್ಕೇ ಅವರು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕುತ್ತಾರೆ: ಒಟ್ಟು ಬಿತ್ತನೆ ಪ್ರದೇಶ, ನಿವ್ವಳ ಬಿತ್ತನೆ ಪ್ರದೇಶ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬೆಳೆ ಸಾಂದ್ರತೆ. ಎರಡು ಬಾರಿ ಎಣಿಸಿದ್ದನ್ನು ಅವರು ಬಚ್ಚಿಡಲಿಲ್ಲ, ಅದಕ್ಕೊಂದು ಹೆಸರಿಟ್ಟು ಉಪಯೋಗಕ್ಕೆ ತಂದರು. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ತೋಟಗಳಲ್ಲಿ ತೆಂಗಿನ ನಡುವೆ ಅಡಿಕೆ, ಅಡಿಕೆಯ ನಡುವೆ ಬಾಳೆ ಇರುತ್ತವೆ. ಒಂದೇ ಎಕರೆ ಮೂರು ಬೆಳೆಗಳ ಫಿಲ್ಟರಿನಲ್ಲೂ ಬರುತ್ತದೆ. ಅಲ್ಲಿ ಯಾವ ಎಕರೆಯನ್ನು ಯಾವ ಬೆಳೆಗೆ ಎಷ್ಟು ಬರೆದಿದೆ ಎಂದು ತಿಳಿಯದೆ ಇಳುವರಿ ಲೆಕ್ಕ ಹಾಕುವುದು ವ್ಯರ್ಥ.

ಖಾಸಗಿ ವ್ಯಾಪಾರದಲ್ಲೂ ಇದೇ. ಒಬ್ಬ ಮಾರಾಟ ಪ್ರತಿನಿಧಿಗೆ ಹಲವು ಅಂಗಡಿ, ಒಂದು ಅಂಗಡಿಗೆ ಇಬ್ಬರು ಪ್ರತಿನಿಧಿ. ಪಾಲಿನ ಕಾಲಂ ಇಲ್ಲದಿದ್ದರೆ ಒಂದೇ ಮಾರಾಟಕ್ಕೆ ಎರಡು ಕಮಿಷನ್.

ಕಂದಾಯ ಇಲಾಖೆ ಈ ಗಂಟನ್ನು ನೆಲದಲ್ಲೇ ಬಿಡಿಸಲು ನೋಡಿದೆ. ಪೋಡಿ ಎನ್ನುವುದು ಅದೇ. ಬಹುಮಾಲೀಕತ್ವದ ಪಹಣಿಯನ್ನು ಅಳತೆ ಮಾಡಿ, ಹಿಸ್ಸಾ ನಂಬರ್ ಕೊಟ್ಟು, ಒಬ್ಬರಿಗೊಂದು ಪಹಣಿ ಮಾಡುವುದು. ಭಾಗ ಮಾಡಿ ಮಾರುವ ಮೊದಲು 11ಇ ನಕ್ಷೆ ಬೇಕೆಂಬ ನಿಯಮ, ಪೋಡಿಮುಕ್ತ ಗ್ರಾಮ ಅಭಿಯಾನ, ಎಲ್ಲವೂ ಇದೇ ದಿಕ್ಕಿನವು. ಪೋಡಿಯಾದ ದಿನ 42/1 ಎರಡಾಗುತ್ತದೆ, 57 ಮೂರಾಗುತ್ತದೆ, ಪಹಣಿಗೊಬ್ಬರೇ ಮಾಲೀಕರಾಗುತ್ತಾರೆ, ವರದಿಯೂ ಸಲೀಸಾಗುತ್ತದೆ. ಆದರೆ ಸಿದ್ದಪ್ಪ ತೀರಿಕೊಂಡು ಪೌತಿ ಖಾತೆಯಾದಾಗ ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಮೈಸೂರಿನಲ್ಲಿರುವ ಮಗಳು, ನಾಲ್ಕು ಹೆಸರುಗಳು ಮತ್ತೆ ಅದೇ 9ನೇ ಕಾಲಂಗೆ ಬರುತ್ತವೆ. ಪೌತಿ ಖಾತೆ ಮಾಡಿಸದೆ ಬಿಟ್ಟರೆ ಸತ್ತವರ ಹೆಸರೇ ಮುಂದುವರಿಯುತ್ತದೆ, ಅದು ಇನ್ನೂ ಕಷ್ಟ. ಹಾಗಾಗಿ ಎಷ್ಟೇ ಪೋಡಿಯಾದರೂ ವರದಿ ತಯಾರಿಸುವವರು ಸೇತುವೆ ಪಟ್ಟಿಯನ್ನು ಬಿಡುವಂತಿಲ್ಲ.

ಜಿಲ್ಲಾಡಳಿತದಲ್ಲಿ, ಬ್ಯಾಂಕುಗಳಲ್ಲಿ, ಸಂಘಗಳಲ್ಲಿ ವರದಿ ಸಿದ್ಧಪಡಿಸುವವರಲ್ಲಿ ನನ್ನ ಮನವಿ ಇಷ್ಟು. ಜಮೀನು, ಮಾಲೀಕರು, ಬೆಳೆ ಇವುಗಳಲ್ಲಿ ಯಾವ ಎರಡನ್ನು ಸೇರಿಸಿ ಕೋಷ್ಟಕ ಮಾಡಿದರೂ, ಅದರ ಅಡಿಯಲ್ಲಿ ಎರಡು ಮಾತು ಬರೆಯಿರಿ: ಒಂದು ಸಾಲು ಏನನ್ನು ಎಣಿಸುತ್ತದೆ, ಸಾಲುಗಳನ್ನು ಕೂಡಬಹುದೇ ಕೂಡಬಾರದೇ. ಪಾಲಿನ ಲೆಕ್ಕ, ಹೆಸರಿರುವ ಜಮೀನಿನ ಲೆಕ್ಕ ಎರಡೂ ಸಾಧ್ಯವಿದ್ದರೆ ಎರಡನ್ನೂ ಪಕ್ಕಪಕ್ಕ ಕೊಡಿ. ಓದುಗರೂ ಪತ್ರಕರ್ತರೂ ಇಂಥ ಅಂಕಿ ಕೈಗೆ ಬಂದಾಗ ಒಮ್ಮೆ ಸಾಲುಗಳನ್ನು ಕೂಡಿ ನೋಡಿ. ಕೊನೆಯ ಸಾಲಿಗೆ ಹೊಂದದಿದ್ದರೆ ಯಾಕೆಂದು ಬರೆದು ಕೇಳಿ. ಉತ್ತರ ಬರುವವರೆಗೆ ಅದನ್ನು ತಲೆಬರಹಕ್ಕೆ ಏರಿಸಬೇಡಿ.